ಏಕಪಾತ್ರ ಮೀಮಾಂಸೆ: ಕೋಳಿ ತರಕಾರಿ ಪಾಸ್ತಾ ಕುರಿತು ಒಂದು ಶಾಸ್ತ್ರವಿಚಾರ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಈ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕೋಳಿ, ತರಕಾರಿ, ಪಾಸ್ತಾ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವುದು. ಪ್ರಯೋಜನ: ರಾತ್ರಿಯ ಊಟ. ಅಧಿಕಾರಿ: ಏಳೂವರೆಗೆ ಕೆಲಸದಿಂದ ಬಂದು, ಬೆಳಗಿನ ಮುಸುರೆ ಪಾತ್ರೆಗಳು ಸಿಂಕಿನಲ್ಲಿ ಹಾಗೇ ಬಿದ್ದಿರುವುದನ್ನು ಕಂಡೂ ಕಾಣದಂತೆ ಹಾದುಹೋದ ಯಾವುದೇ ಜೀವಿ. ಸಂಬಂಧ: ಆ ಜೀವಿಗೂ ಆ ಸಿಂಕಿಗೂ ಇರುವಂಥದ್ದು, ಅನಾದಿ, ಜ್ಞಾನದಿಂದ ಹರಿಯದು, ವಿಮ್ ಬಾರಿನಿಂದ ಮಾತ್ರ ಹರಿಯುವಂಥದ್ದು.

ಇನ್ನು ಪೂರ್ವಸೂರಿಗಳ ಸ್ಮರಣೆ. ಕನ್ನಡ ನಾಡಿನಲ್ಲಿ ಪಾಕಶಾಸ್ತ್ರಕ್ಕೆ ಎಂದೂ ಬರವಿರಲಿಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಲೋಕಕ್ಕೆ ಉಪಕಾರವಾಗುವ ಹತ್ತಾರು ಸಂಗತಿಗಳ ನಡುವೆ ಅಡುಗೆಗೂ ಜಾಗ ಕೊಟ್ಟ. 16ನೆಯ ಶತಮಾನದ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದ. ಆದರೆ ಮಂಗರಸ ಜೈನ. ಕೋಳಿಯ ವಿಚಾರದಲ್ಲಿ ಅವನ ನೆರವು ಕೇಳುವುದು ಸಭ್ಯತೆಯಲ್ಲ. ಅದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಬಾಗಿಲು ತಟ್ಟಬೇಕು. ಅವನ ಸಂಸ್ಕೃತ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಹಂದಿ, ಮೀನು, ಆಮೆಗಳಿಂದ ಹಿಡಿದು ಸುಟ್ಟ ಹೊಲದಿಲಿಯವರೆಗೆ ಎಲ್ಲಕ್ಕೂ ಆದರವಿದೆ. ಈ ಮೂವರಿಗೂ ಟೊಮೆಟೊ ಗೊತ್ತಿರಲಿಲ್ಲ, ಕ್ಯಾಪ್ಸಿಕಮ್ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಪಾತ್ರೆ ತೊಳೆಯುವ ಪ್ರಶ್ನೆಯಂತೂ ಅರಸನಾದವನಿಗೆ ಏಳುವುದೇ ಇಲ್ಲ. ಈ ಪ್ರಬಂಧದ ಅಗತ್ಯ ಇರುವುದು ಅಲ್ಲಿಯೇ.

ಪೂರ್ವಪಕ್ಷಿಗಳು ಇಟಲಿಯಲ್ಲಿದ್ದಾರೆ. ಸುಲಭಕ್ಕೆ ಮಣಿಯುವ ಮಂದಿಯಲ್ಲ. ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1972ರಲ್ಲಿ ಚಿನ್ನದ ತಾಲ್ಯತೆಲ್ಲೆ ಪಾಸ್ತಾದ ಎಳೆಯೊಂದನ್ನು ಮಾನದಂಡವಾಗಿ ಇರಿಸಿದರು. ಬೆಂದ ಎಳೆಯ ಅಗಲ 8 ಮಿಲಿಮೀಟರ್ ಇರಬೇಕು, ಅಂದರೆ ಆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ರಲ್ಲಿ ಒಂದು ಪಾಲು. ಹತ್ತು ವರ್ಷ ಕಳೆದು ಮಾಂಸದ ರಾಗುವಿನ ಪಾಕವಿಧಾನವನ್ನೂ ಅಲ್ಲೇ ನೋಂದಾಯಿಸಿದರು. ನಮ್ಮವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಸೈಟಿನ ಪತ್ರ ಹಿಡಿದು ಹೋಗುವಂತೆ ಅವರು ಸಾರಿನ ಪತ್ರ ಹಿಡಿದು ಹೋಗುತ್ತಾರೆ. ಇವರ ಮತದಲ್ಲಿ 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಪಾಸ್ತಾಕ್ಕೊಂದು ಪಾತ್ರೆ, ಸಾಸಿಗೊಂದು ಬಾಣಲೆ, ಬಸಿಯಲೊಂದು ತೂತಿನ ಬುಟ್ಟಿ. ಕೋಳಿಯ ಸರದಿ ಬರುವುದು ಪಾಸ್ತಾದ ತಟ್ಟೆ ಎತ್ತಿದ ಮೇಲೆ, ಎರಡನೆಯ ಸುತ್ತಿನಲ್ಲಿ. ಅಲ್ಲಿಗೆ ಒಂದು ಊಟಕ್ಕೆ ಸಿಂಕು ತುಂಬಿತು. ಪೂರ್ವಪಕ್ಷ ಎಷ್ಟೇ ರುಚಿಯಾಗಿದ್ದರೂ ಅದನ್ನು ತೊಳೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಸಿದ್ಧಾಂತ ಇಷ್ಟು: ಪೂರ್ವಪಕ್ಷಿಗಳು ಬಸಿದು ಚೆಲ್ಲುವುದು ನೀರನ್ನಲ್ಲ, ಗಂಜಿಯನ್ನು. ಗೋಧಿಯ ಪಿಷ್ಟ 60ರಿಂದ 70 ಡಿಗ್ರಿಯ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ, ಒಂದು ಪಾಲು ನೀರಿಗಿಳಿಯುತ್ತದೆ. ನೀರು ಹೆಚ್ಚಿದ್ದರೆ ಅದು ತೆಳ್ಳಗಾಗಿ ಮೋರಿ ಸೇರುತ್ತದೆ. ಕಡಿಮೆ ಇದ್ದರೆ ಪಾತ್ರೆಯಲ್ಲೇ ಮಂದವಾಗಿ ಎಣ್ಣೆ, ಟೊಮೆಟೊ ರಸಗಳನ್ನು ಹಿಡಿದು ಕೂರಿಸುತ್ತದೆ. ಅನ್ನ ಬಸಿದ ಗಂಜಿಯನ್ನು ಸೀರೆಗೆ ಹಾಕಿ, ದನಕ್ಕೆ ಹಾಕಿ, ಉಪ್ಪು ಬೆರೆಸಿ ತಾವೂ ಕುಡಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಪ್ರಮಾಣ ಕೇಳುವವರಿರುತ್ತಾರೆ. ಅಡುಗೆಯ ವಿಜ್ಞಾನ ಬರೆಯುವ ಹೆರಾಲ್ಡ್ ಮೆಕ್‌ಗೀ 2009ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ, ಪಾಸ್ತಾಕ್ಕೆ ಅಷ್ಟು ನೀರು ಬೇಕೇ ಎಂದು ಕೇಳಿ, ಬೇಡವೆಂದು ತೋರಿಸಿದರು. 2013ರಲ್ಲಿ ಅಮೆರಿಕದ ಅಡುಗೆ ಬರಹಗಾರ್ತಿ ಮಾರ್ತಾ ಸ್ಟೀವರ್ಟ್ ಅವರ ಪತ್ರಿಕೆ 340 ಗ್ರಾಂ ಲಿಂಗ್ವಿನಿ ಪಾಸ್ತಾವನ್ನು ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಗಳ ಜೊತೆ ಲೀಟರಿಗಿಂತ ತುಸು ಹೆಚ್ಚು ನೀರಿನಲ್ಲಿ ಒಟ್ಟಿಗೇ ಬೇಯಿಸಿ ತೋರಿಸಿತು; ಒಂದರ ಹಿಂದೆ ಒಂದರಂತೆ ಅನುಕರಣೆಗಳು ಹುಟ್ಟಿದವು. ಇನ್ನೂ ಬಲವಾದ ಸಾಕ್ಷಿ ಪೂರ್ವಪಕ್ಷಿಗಳ ಮನೆಯೊಳಗೇ ಇದೆ. ನೇಪಲ್ಸಿನಲ್ಲಿ ಆಲೂಗಡ್ಡೆಯನ್ನೂ ಪಾಸ್ತಾವನ್ನೂ ಒಂದೇ ಪಾತ್ರೆಯಲ್ಲಿ, ಬಸಿಯದೆ, ಗಟ್ಟಿಯಾಗುವವರೆಗೆ ಬೇಯಿಸುತ್ತಾರೆ. ಬಾರಿ ಎಂಬ ಊರಿನಲ್ಲಿ ‘ಅಸಾಸಿನಾ’ ಎಂಬ ಹೆಸರಿನ ಸ್ಪಗೆಟ್ಟಿಯನ್ನು ಹಸಿಯಾಗಿಯೇ ಬಾಣಲೆಗೆ ಹಾಕಿ, ಟೊಮೆಟೊ ನೀರು ಹೊಯ್ಯುತ್ತ, ಬೇಕೆಂದೇ ತಳ ಹತ್ತಿಸುತ್ತಾರೆ. ತಳ ಹತ್ತಿದ್ದನ್ನು ಉದ್ದೇಶವೆಂದು ಘೋಷಿಸುವ ಆ ಧೈರ್ಯ ನಮ್ಮ ಅಡುಗೆಮನೆಗಳಿಗೆ ಇನ್ನೂ ಬರಬೇಕು.

ಸಿದ್ಧಾಂತ ಒಂದಾದರೂ ಪಂಥಗಳು ಮೂರು. ಅದ್ವೈತಿಗಳು ಎಲ್ಲವನ್ನೂ ಒಮ್ಮೆಗೇ ಸುರಿಯುತ್ತಾರೆ. ಕೋಳಿ ಬೇರೆ, ಪಾಸ್ತಾ ಬೇರೆ ಎಂಬುದು ಭ್ರಾಂತಿ, ಕುದಿ ಬಂದಾಗ ಅಳಿಯುತ್ತದೆ. ಅಳಿಯುವುದು ನಿಜ, ಕೋಳಿಯ ರುಚಿಯೂ ಜೊತೆಗೇ ಅಳಿಯುತ್ತದೆ. ಮಾಂಸ ಕೆಂಪಗಾಗಿ ಘಮ ಬರಲು 140 ಡಿಗ್ರಿಯಾದರೂ ಬೇಕು, ನೀರು 100 ದಾಟುವುದಿಲ್ಲ. ದ್ವೈತಿಗಳು ಇಟಲಿಯವರ ಕಡೆಯವರು. ಅವರ ಸಿಂಕನ್ನು ಈಗಾಗಲೇ ನೋಡಿದ್ದೇವೆ. ವಿಶಿಷ್ಟಾದ್ವೈತಿಗಳು ಮೊದಲು ಅದೇ ಪಾತ್ರೆಯಲ್ಲಿ ಕೋಳಿಯನ್ನು ಬಾಡಿಸಿ, ಆ ಮೇಲೆ ಉಳಿದದ್ದನ್ನು ಸೇರಿಸುತ್ತಾರೆ. ಭೇದವಿದೆ, ಪಾತ್ರೆ ಒಂದೇ. ಈ ಪ್ರಬಂಧಕಾರನ ಒಲವು ಇಲ್ಲಿಗೆ. ಆದರೆ ಇವರಲ್ಲೇ ಒಂದು ಒಳಪಂಗಡ, ಬಾಡಿಸಿದ ಕೋಳಿಯನ್ನು ತಟ್ಟೆಗೆ ತೆಗೆದಿಟ್ಟು ಕೊನೆಗೆ ಸೇರಿಸಬೇಕೆನ್ನುತ್ತದೆ. ಆ ತಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಂಕು ಹಿಡಿಯುತ್ತದೆ.

ಪ್ರಯೋಗ ವಿಧಿ. ನಾಲ್ವರಿಗೆ 250 ಗ್ರಾಂ ಪೆನ್ನೆ, 300 ಗ್ರಾಂ ಮೂಳೆಯಿಲ್ಲದ ಕೋಳಿತೊಡೆ, ಮುಕ್ಕಾಲು ಲೀಟರ್ ನೀರು. ಪೆನ್ನೆಯೇ ಏಕೆ? ಸ್ಪಗೆಟ್ಟಿ ನಮ್ಮ ಪಾತ್ರೆಯಲ್ಲಿ ಹಿಡಿಸುವುದಿಲ್ಲ, ಮುರಿಯಬೇಕು. ಮುರಿದರೆ ಎರಡಾಗದೆ ಮೂರು ನಾಲ್ಕು ಚೂರಾಗುತ್ತದೆ. ಏಕೆಂದು ನೊಬೆಲ್ ಪಡೆದ ಭೌತಶಾಸ್ತ್ರಜ್ಞ ರಿಚರ್ಡ್ ಫೈನ್‌ಮನ್ ತಲೆ ಕೆಡಿಸಿಕೊಂಡಿದ್ದರು. 2005ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು, ಮೊದಲ ಮುರಿತದಿಂದೇಳುವ ಅಲೆಯೇ ಮುಂದಿನ ಮುರಿತಕ್ಕೆ ಕಾರಣವೆಂದು ಬಿಡಿಸಿ, ಮರುವರ್ಷ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಪಡೆದರು. ಪೆನ್ನೆ ಕೊಂಡವನಿಗೆ ಈ ವಿಜ್ಞಾನದ ಹಂಗಿಲ್ಲ.

ಕೋಳಿಯನ್ನು ತೊಳೆಯಬೇಕೇ? ಬೇಡವೆನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ತೊಳೆದ ನೀರು ಸಿಡಿದು ಬ್ಯಾಕ್ಟೀರಿಯಾ ಸುತ್ತಲೂ ಹರಡುತ್ತದೆ, ಅವುಗಳನ್ನು ಕೊಲ್ಲುವುದು ಒಳಗಿನವರೆಗೆ 74 ಡಿಗ್ರಿ ಮುಟ್ಟುವ ಬಿಸಿ. ಅರಿಶಿನ ಹಚ್ಚಿ ಮೂರು ನೀರಿನಲ್ಲಿ ತೊಳೆಯದ ಕೋಳಿಯನ್ನು ನಮ್ಮಲ್ಲಿ ಮುಟ್ಟುವವರಿಲ್ಲ. ಶ್ರುತಿಗೂ ರೂಢಿಗೂ ವಿರೋಧ ಬಂದಾಗ ಯಾವುದರಿಂದ ಒಂದು ಪಾತ್ರೆ ಕಡಿಮೆಯಾಗುತ್ತದೋ ಅದನ್ನು ಹಿಡಿಯಬೇಕೆಂಬುದು ಈ ಶಾಸ್ತ್ರದ ನ್ಯಾಯ. ಆದ್ದರಿಂದ ಅಮೆರಿಕದವರೇ ಸರಿ. ಇದನ್ನು ಅಮ್ಮನ ಮುಂದೆ ಹೇಳಬಾರದು.

ಎರಡು ಚಮಚ ಎಣ್ಣೆ ಕಾಯಿಸಿ, ಕೋಳಿ ತುಂಡುಗಳು ಒಂದರ ಮೇಲೊಂದು ಬೀಳದಂತೆ ಹರಡಿ, ಐದು ನಿಮಿಷ ಕೈಯಾಡಿಸದೆ ಬಿಡಬೇಕು. ಇದೇ ಅತಿ ಕಷ್ಟದ ಘಟ್ಟ. ಸೌಟು ಹಿಡಿದ ಕನ್ನಡಿಗ ಕೈಯಾಡಿಸದೆ ನಿಲ್ಲಲಾರ. ತಿರುವಿ ಹಾಕಿ, ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬಾಡಿಸಬೇಕು. ಮುಂದೆ ತರಕಾರಿಗಳ ವಿಷಯದಲ್ಲಿ ಮಾತ್ರ ಉಡುಪಿಯ ಕಡೆ ತಿರುಗಿ ತಾರತಮ್ಯವನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಕ್ಯಾರೆಟ್ಟು, ಹುರುಳಿಕಾಯಿ ಮೊದಲು, ಟೊಮೆಟೊಗಿಂತಲೂ ಮೊದಲು. ಹುಳಿ ಬಿದ್ದರೆ ತರಕಾರಿ ಮೆತ್ತಗಾಗುವುದು ತಡ. ಹುಣಸೆಹಣ್ಣನ್ನು ಕೊನೆಗೆ ಹಾಕುವ ನಮ್ಮ ಹುಳಿ ಮಾಡುವವರಿಗೆ ಇದು ಯಾವತ್ತೋ ಗೊತ್ತು. ಬಳಿಕ ಟೊಮೆಟೊ, ನೀರು, ಪೆನ್ನೆ. ಕ್ಯಾಪ್ಸಿಕಮ್, ಬಟಾಣಿ ಇಳಿಸಲು ನಾಲ್ಕು ನಿಮಿಷವಿರುವಾಗ. ಪಾಲಕ್ ಒಲೆ ಆರಿಸುವಾಗ. ಉಪ್ಪಿಗೆ ಇಟಲಿಯ ಅಳತೆ ಹಿಡಿದರೆ ಕೆಟ್ಟೆವು. ಅವರು ಉಪ್ಪಿನ ಬಹುಪಾಲನ್ನು ನೀರಿನ ಜೊತೆ ಚೆಲ್ಲುತ್ತಾರೆ. ಇಲ್ಲಿ ಹಾಕಿದ್ದೆಲ್ಲ ಹೊಟ್ಟೆಗೇ. ಒಂದು ಸಣ್ಣ ಚಮಚದಿಂದ ಶುರುಮಾಡಿ ಕೊನೆಗೆ ನಾಲಗೆಯನ್ನು ಕೇಳಬೇಕು. ತಳ ಹಿಡಿಯದಂತೆ ಆಗಾಗ ಕೈಯಾಡಿಸಬೇಕು. ಆಗ ಬೇಡವೆಂದದ್ದನ್ನು ಈಗ ಎಷ್ಟು ಬೇಕಾದರೂ ಮಾಡಬಹುದು. ಚೀಸ್ ಉರಿ ಆರಿಸಿದ ಮೇಲೆ, ಇಲ್ಲವಾದರೆ ಎಳೆಎಳೆಯಾಗಿ ಸೌಟಿಗೆ ಸುತ್ತಿಕೊಂಡು ತೊಳೆಯುವವರ ಪಾಲಿಗೆ ಶಾಶ್ವತವಾಗುತ್ತದೆ.

ಪೊಟ್ಟಣದ ಮೇಲೆ 11 ನಿಮಿಷ ಎಂದಿರುವುದು ಸ್ಮೃತಿವಾಕ್ಯವಷ್ಟೆ, ದೇಶಕಾಲಕ್ಕೆ ತಕ್ಕಂತೆ ಅರ್ಥ ಮಾಡಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಮೊದಲೇ. ಆದ್ದರಿಂದ ಮಂಗಳೂರಿನ ಪಾಸ್ತಾ ಬೇಗ, ಮಡಿಕೇರಿಯದು ತಡ. ಬೆಂಗಳೂರಿನಲ್ಲಿ ಬೇರೆ ಎಲ್ಲದರಂತೆ ಇದಕ್ಕೂ ಒಂದೆರಡು ನಿಮಿಷ ಹೆಚ್ಚು ಕೊಡಬೇಕು.

“ಕುಕ್ಕರಿನಲ್ಲಿಟ್ಟು ಎರಡು ಸೀಟಿ ಕೂಗಿಸಿದರೆ ಮುಗೀತಲ್ಲೋ, ಇಷ್ಟೆಲ್ಲ ಯಾಕೆ?” ಎಂಬುದು ಅಮ್ಮನ ಆಕ್ಷೇಪ. ತರ್ಕಶುದ್ಧವಾದದ್ದು. ಉತ್ತರ: ಪಿಷ್ಟದ ನೊರೆ ಉಕ್ಕಿ ವೆಯ್ಟಿನ ಕಂಡಿ ಕಟ್ಟಿಕೊಳ್ಳುವ ಅಪಾಯವಿದೆ, ಪಾಸ್ತಾ ಕೈಗೆ ಸಿಗದಂತೆ ಬೇಯುತ್ತದೆ, ಅದಕ್ಕಿಂತ ಮುಖ್ಯವಾಗಿ ಕುಕ್ಕರ್ ಎಂಬುದು ಪಾತ್ರೆ, ಮುಚ್ಚಳ, ವೆಯ್ಟು, ಗ್ಯಾಸ್ಕೆಟ್ ಎಂಬ ನಾಲ್ಕು ವಸ್ತುಗಳ ಸಂಘಾತ, ನಾಲ್ಕನ್ನೂ ಬೇರೆಬೇರೆಯಾಗಿ ತೊಳೆಯಬೇಕು. ಅಮ್ಮ ಪಾತ್ರೆಯೊಳಗೆ ಇಣುಕಿ, “ಉಪ್ಪಿಟ್ಟಿಗೆ ನೀರು ಜಾಸ್ತಿ ಆಗಿದೆ” ಎಂದು ಎದ್ದು ಹೋದದ್ದನ್ನು ಸಮ್ಮತಿಯೆಂದು ಭಾವಿಸಲಾಗಿದೆ.

ಕೊನೆಯದಾಗಿ ಸಂಖ್ಯಾ ವಿಚಾರ. ಬಿಸಿಬೇಳೆಬಾತು ಏಕಪಾತ್ರವೇ ಎಂದು ಕೇಳುವವರುಂಟು. ಅಲ್ಲ, ಒಗ್ಗರಣೆ ಸೌಟು ಎರಡನೆಯದು. ಒಗ್ಗರಣೆಯಿರುವ ತನಕ ಕನ್ನಡದ ಅಡುಗೆ ಒಂದು ಪಾತ್ರೆಯಲ್ಲಿ ಮುಗಿಯಲಾರದು. ಹಾಗಾದರೆ ಪಾಸ್ತಾದ ಕತೆ? ಈಳಿಗೆಮಣೆ ಅಥವಾ ಚಾಕು, ಹಲಗೆ, ಹಸಿ ಕೋಳಿ ತಂದ ಡಬ್ಬಿ, ಸೌಟು, ಚೀಸ್ ತುರಿದ ತುರಿಮಣೆ, ನಾಲ್ಕು ತಟ್ಟೆ, ನಾಲ್ಕು ಮುಳ್ಳುಚಮಚ, ಅಮ್ಮನಿಗೆ ಮಾತ್ರ ಬೇರೆ ಮಾಡಿದ ಅನ್ನ ಸಾರು. ಇವೆಲ್ಲ ಪಾತ್ರೆಗಳಲ್ಲ, ಉಪಾಧಿಗಳು ಎಂದು ನಮ್ಮ ಪಂಥ ಉತ್ತರಿಸುತ್ತದೆ. ತಳಕ್ಕೆ ಅಂಟಿದ ಗಂಜಿಯಿದ್ದರೆ ಬಿಸಿನೀರು ಹಾಕಿ “ನೆನೆಯಲಿ ಬಿಡು” ಎನ್ನಬೇಕು. ಈ ಮಂತ್ರದ ಬಲ ಬೆಳಗಿನವರೆಗೆ ಇರುತ್ತದೆ. ಪಾಸ್ತಾ ಉಳಿದಿದ್ದರೆ ನೆನೆಸುವಂತಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು. ಮರುದಿನಕ್ಕೆ ಸಾಸನ್ನೆಲ್ಲ ಕುಡಿದು ಉಬ್ಬಿರುತ್ತದೆ, ಅರ್ಧ ಲೋಟ ನೀರು ಹಾಕಿ ಬಿಸಿ ಮಾಡಬೇಕು. ಡಬ್ಬಿಗೆ ಹಾಕಿಟ್ಟರೆ ತೊಳೆಯಲು ಎರಡನೆಯ ಪಾತ್ರೆಯಾಗಿ ಸಿದ್ಧಾಂತಕ್ಕೆ ಹಾನಿ. ಪಾತ್ರೆ ಸಮೇತ ಇಟ್ಟರೆ ಸಿದ್ಧಾಂತ ಉಳಿಯುತ್ತದೆ, ಹಾಲಿಗೂ ದೋಸೆ ಹಿಟ್ಟಿಗೂ ಜಾಗ ಉಳಿಯುವುದಿಲ್ಲ.