ಮೂರಡಿ ಬಿಡುವ ಸಂಕಟ

ಬೆಂಗಳೂರಿನಲ್ಲಿ ಮನೆ ಕಟ್ಟಲು ಹೊರಟವರಿಗೆ ಇಬ್ಬರು ಗುರುಗಳು. ಒಬ್ಬರು ವಾಸ್ತು ಹೇಳುವವರು, ಇನ್ನೊಬ್ಬರು ಪ್ಲಾನ್ ಮಂಜೂರು ಮಾಡುವವರು. ಇಬ್ಬರೂ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಸೈಟಿನ ಅಂಚಿನವರೆಗೂ ಕಟ್ಟಬೇಡಿ, ಸುತ್ತ ಒಂದಿಷ್ಟು ಜಾಗ ಬಿಡಿ. ಪೂರ್ವಕ್ಕೂ ಉತ್ತರಕ್ಕೂ ಜಾಸ್ತಿ ಬಿಡಿ, ದಕ್ಷಿಣಕ್ಕೂ ಪಶ್ಚಿಮಕ್ಕೂ ಕಡಿಮೆ ಸಾಕು ಎನ್ನುವುದು ವಾಸ್ತು. ಮುಂದೆ ಇಷ್ಟು, ಹಿಂದೆ ಇಷ್ಟು, ಎಡಬಲಕ್ಕೆ ಇಷ್ಟು ಎನ್ನುವುದು ಬೈಲಾ. ಮೊದಲನೆಯದನ್ನು ಮೀರಿದರೆ ಯಜಮಾನನ ಆರೋಗ್ಯಕ್ಕೇ ಕುತ್ತು. ಎರಡನೆಯದನ್ನು ಮೀರಿದರೆ ಬರೀ ದಂಡ. ಹಾಗಾಗಿ ಈಶಾನ್ಯದಲ್ಲಿ ಸಂಪು ತೋಡಿಸಲು ಅಂಗುಲ ಅಂಗುಲ ಲೆಕ್ಕ ಹಾಕುವ ಮನುಷ್ಯನೇ ಸೆಟ್‌ಬ್ಯಾಕಿನ, ಅಂದರೆ ಸುತ್ತ ಬಿಡಬೇಕಾದ ಜಾಗದ, ಮಾತು ಬಂದಾಗ ‘ನೋಡೋಣ ಬಿಡಿ’ ಅಂದುಬಿಡುತ್ತಾನೆ.

ಅವನ ಸಂಕಟವೂ ಸುಳ್ಳಲ್ಲ. ಊರಿನ ಮಧ್ಯಮವರ್ಗದ ಕನಸಿಗೆಲ್ಲ ಒಂದೇ ಅಳತೆ, 30×40. ಮೇಸ್ತ್ರಿಗಳ ಭಾಷೆಯಲ್ಲಿ ಹನ್ನೆರಡು ಚದರ. ಇಂಥ ಸೈಟಿನಲ್ಲಿ ಸುತ್ತಲೂ ಮೂರಡಿ ಬಿಟ್ಟರೆ ಒಳಗೆ ಉಳಿಯುವುದು 24×34, ಅಂದರೆ 816 ಚದರಡಿ. ಉಳಿದ 384 ಚದರಡಿಗೆ ದುಡ್ಡು ಕೊಟ್ಟಾಗಿದೆ, ನೋಂದಣಿ ಶುಲ್ಕ ಕಟ್ಟಾಗಿದೆ, ಬ್ಯಾಂಕಿಗೆ ಬಡ್ಡಿಯೂ ಹೋಗುತ್ತಿದೆ. ಚದರಡಿಗೆ 10 ಸಾವಿರ ಎಂದಿಟ್ಟುಕೊಂಡರೂ 38 ಲಕ್ಷ ಚಿಲ್ಲರೆ. ಅಷ್ಟು ದುಡ್ಡಿನ ಜಾಗದಲ್ಲಿ ಗಾಳಿಯನ್ನು ಮಾತ್ರ ಇಟ್ಟುಕೊಳ್ಳಿ ಎಂದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಕೇಳಿದ್ದಕ್ಕೆ ಮೂರಡಿ ಕೊಟ್ಟು ಪಾತಾಳ ಸೇರಿದ ಬಲಿ ಚಕ್ರವರ್ತಿಯ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದವರು. ಎಚ್ಚರಿಕೆ ಸಹಜ.

ಈ ಎಚ್ಚರಿಕೆಗೆ ಒಂದು ವ್ಯವಸ್ಥಿತ ರೂಪವೂ ಇದೆ. ಒಂದು ಮನೆಗೆ ಎರಡು ನಕ್ಷೆ. ಗಾರೆ ಕಲಸುತ್ತಿದ್ದ ಕಡೆ ನಿಂತು ನಾನೊಮ್ಮೆ ಮೇಸ್ತ್ರಿಯನ್ನು ಕೇಳಿದ್ದೆ: “ಏನ್ ಮೇಸ್ತ್ರಿ, ಪ್ಲಾನಲ್ಲಿ ಇಲ್ಲಿ ಖಾಲಿ ಇದೆಯಲ್ಲ, ಪಿಲ್ಲರ್ ಎದ್ದಿದೆ?”

“ಸಾರ್, ನೀವು ನೋಡಿರೋದು ಸ್ಯಾಂಕ್ಷನ್ ಪ್ಲಾನು. ಇದು ವರ್ಕಿಂಗ್ ಪ್ಲಾನು,” ಎಂದ. ದೇವರ ಉತ್ಸವಮೂರ್ತಿ ಬೇರೆ, ಮೂಲಮೂರ್ತಿ ಬೇರೆ ಎಂದು ತಿಳಿಯದ ಭಕ್ತನನ್ನು ಅರ್ಚಕರು ನೋಡುವ ಕರುಣೆ ಅವನ ಕಣ್ಣಲ್ಲಿತ್ತು. ಆಫೀಸಿನ ಕಡತದಲ್ಲಿ ಒಂದು ಮನೆ ಇರುತ್ತದೆ: ಸುತ್ತ ಗಾಳಿಯಾಡುವ, ನಾಲ್ಕೂ ಕಡೆ ಬೆಳಕು ಬರುವ ಮನೆ. ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ.

ನೆಲಮಹಡಿಯಲ್ಲಿ ಸೆಟ್‌ಬ್ಯಾಕ್ ಬಿಟ್ಟವರೂ ಮೊದಲ ಮಹಡಿಗೆ ಬರುವಷ್ಟರಲ್ಲಿ ಮನಸ್ಸು ಬದಲಿಸುತ್ತಾರೆ. ಅಲ್ಲಿ ಎರಡಡಿ ಮುಂದಕ್ಕೆ ಬಾಲ್ಕನಿ. ಎರಡನೇ ಮಹಡಿಯಲ್ಲಿ ಆ ಬಾಲ್ಕನಿಗೆ ಗೋಡೆ ಎದ್ದು ಅದು ಕೋಣೆ. ಕೋಣೆಗೊಂದು ಬಾಲ್ಕನಿ ಬೇಡವೇ, ಅದು ಇನ್ನೊಂದಡಿ ಮುಂದೆ. ನಮ್ಮ ಅಡ್ಡರಸ್ತೆಗಳಲ್ಲಿ ತಲೆ ಎತ್ತಿ ನೋಡಿದರೆ ಒಂದೊಂದು ಮನೆಯೂ ಹುಲ್ಲಿನ ಹೊರೆ ಹೊತ್ತವನ ಹಾಗೆ ಕಾಣುತ್ತದೆ: ಕಾಲ ಬುಡದಲ್ಲಿ ತೆಳ್ಳಗೆ, ತಲೆಯ ಮೇಲೆ ದಪ್ಪ.

ಅಮೆರಿಕದ ನ್ಯೂಯಾರ್ಕಿನಲ್ಲಿ ಇದು ತಲೆಕೆಳಗು. ಅಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎಂಬ ಸುಮಾರು 40 ಮಹಡಿಯ ಕಟ್ಟಡ ಎದ್ದಿತು. ಬೀದಿಯ ಅಂಚಿನಿಂದ ನೆಟ್ಟಗೆ, ಎಲ್ಲೂ ಒಂದಿಂಚೂ ಹಿಂದೆ ಸರಿಯದೆ. ಅದರ ನೆರಳು ಅಕ್ಕಪಕ್ಕದ ಕಟ್ಟಡಗಳನ್ನೆಲ್ಲ ನುಂಗಿತು. ಬಿಸಿಲು ಕಳೆದುಕೊಂಡವರು ಗಲಾಟೆ ಮಾಡಿದರು. ಮರುವರ್ಷವೇ, 1916ರಲ್ಲಿ, ನಗರಕ್ಕೆ ವಲಯ ನಿಯಮ ಬಂತು. ಒಂದು ಎತ್ತರ ದಾಟಿದ ಮೇಲೆ ಕಟ್ಟಡ ಹಿಂದೆ ಸರಿಯುತ್ತ ಹೋಗಬೇಕು, ಬೀದಿಗೆ ಆಕಾಶ ಕಾಣಬೇಕು ಎನ್ನುವುದು ಅದರ ತಾತ್ಪರ್ಯ. 1931ರ ಎಂಪೈರ್ ಸ್ಟೇಟ್ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿರುವುದಕ್ಕೆ ಶಿಲ್ಪಿಯ ಕಲ್ಪನೆಯಷ್ಟೇ ಈ ನಿಯಮವೂ ಕಾರಣ. ಅವರ ಕಟ್ಟಡಗಳು ಮೇಲೇರಿದಂತೆ ಹಿಂದಕ್ಕೆ, ನಮ್ಮವು ಮೇಲೇರಿದಂತೆ ಮುಂದಕ್ಕೆ. ಆಕಾಶ ಯಾರಪ್ಪನದೂ ಅಲ್ಲ ಎಂದು ಇಬ್ಬರೂ ಒಪ್ಪುತ್ತಾರೆ. ಅದರಿಂದ ತೆಗೆಯುವ ತೀರ್ಮಾನ ಬೇರೆ, ಅಷ್ಟೆ.

ನಮ್ಮ ಊರಿಗೂ ಜಾಗ ಬಿಟ್ಟು ಕಟ್ಟುವುದು ಗೊತ್ತಿಲ್ಲದ ವಿದ್ಯೆಯೇನಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತಾಗ ಬೆಂಗಳೂರಿಗೆ ಗಾಳಿ ಬೆಳಕಿನ ಬೆಲೆ ಸರಿಯಾಗಿಯೇ ಅರ್ಥವಾಗಿತ್ತು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅಗಲ ರಸ್ತೆ, ಮನೆಮನೆಗೂ ಕಾಂಪೌಂಡು, ಒಳಗೆ ತೆಂಗು, ಮಾವು, ಸಂಪಿಗೆ. ಎರಡು ಸಾಲು ಮನೆಗಳ ಬೆನ್ನ ನಡುವೆ ಕನ್ಸರ್ವೆನ್ಸಿ ಓಣಿ. ಆ ಓಣಿಯ ಗಾಳಿಯನ್ನು ಹೊಗಳುವಾಗ ಅದು ಯಾಕಿತ್ತು ಎನ್ನುವುದನ್ನೂ ಹೇಳಬೇಕು: ಮಲ ಹೊರುವವರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ, ಮುಂಬಾಗಿಲಿಗೆ ಕಾಣಿಸದಿರಲಿ ಎಂದು. ಒಳಚರಂಡಿ ಬಂತು, ಓಣಿಗೆ ಕೆಲಸ ತಪ್ಪಿತು. ಈಗ ಕೆಲವು ಕಡೆ ಅಲ್ಲಿ ಕಾರು ನಿಲ್ಲುತ್ತವೆ, ಕೆಲವು ಕಡೆ ಯಾರದೋ ಸ್ನಾನದ ಮನೆ ಸದ್ದಿಲ್ಲದೆ ಹಿಂದಕ್ಕೆ ಬೆಳೆದಿದೆ.

ಇಷ್ಟಾಗಿಯೂ ಎರಡು ಮನೆಗಳ ನಡುವೆ ಉಳಿದುಕೊಳ್ಳುವ ಸಂದಿ ಇದೆಯಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇತ್ತ ಒಂದಡಿ, ಅತ್ತ ಒಂದಡಿ, ನಡುವೆ ಕಾಂಪೌಂಡು ಗೋಡೆ. ಎದುರುಬದುರು ಗೋಡೆಗಳಿಗೆ ಗಿಲಾವು ಇರುವುದಿಲ್ಲ. ಸಾರುವೆ ಕಟ್ಟಿ ನಿಂತು ಕರಣೆ ಆಡಿಸಲು ಜಾಗವಿಲ್ಲ. ಬ್ಲಾಕುಗಳ ನಡುವಿನಿಂದ ಉಕ್ಕಿದ ಸಿಮೆಂಟು ಹಾಗೇ ಗಟ್ಟಿಯಾಗಿ ನಿಂತಿರುತ್ತದೆ. ಮುಂಭಾಗಕ್ಕೆ ಗ್ರಾನೈಟು, ಗಾಜು, ಸ್ಟೀಲಿನ ರೇಲಿಂಗು. ಪಕ್ಕಕ್ಕೆ ಈ ಬೆತ್ತಲೆ. ಮೇಲಿನಿಂದ ಇಳಿದ ಪಿವಿಸಿ ಪೈಪುಗಳು, ಪಾರಿವಾಳದ ಗೂಡು, ಮೂರನೇ ಮಹಡಿಯಿಂದ ಜಾರಿದ ಒಂಟಿ ಕಾಲುಚೀಲ, ಒಂದು ಕ್ಲಿಪ್ಪು, ಯಾರೋ ಎಸೆದ ಹಾಲಿನ ಕವರು. ಇವರ ಬಚ್ಚಲಿನ ವೆಂಟಿಲೇಟರು ಸರಿಯಾಗಿ ಅವರ ದೇವರ ಕೋಣೆಯ ಕಿಟಕಿಗೆ ಎದುರು. ಬೆಳಗ್ಗೆ ಅಲ್ಲಿ ಸಹಸ್ರನಾಮ ಹೇಳುತ್ತಿದ್ದರೆ ಇಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು. ಇವರ ಒಗ್ಗರಣೆಗೆ ಅವರು ಕೆಮ್ಮುತ್ತಾರೆ.

ಪೈಪು ಸೋರಿದ ದಿನ ಮಾತ್ರ ಈ ಸಂದಿಯ ನಿಜವಾದ ತಪಾಸಣೆ ನಡೆಯುತ್ತದೆ. ಪ್ಲಂಬರು ಬಂದು ಸಂದಿಯ ಬಾಯಲ್ಲಿ ನಿಂತು ನೋಡುತ್ತಾನೆ, ತನ್ನ ಹೊಟ್ಟೆ ನೋಡಿಕೊಳ್ಳುತ್ತಾನೆ, “ಅಮ್ಮಾ, ಹುಡುಗನ್ನ ಕರ್ಕೊಂಡ್ ಬರ್ತೀನಿ” ಎಂದು ಹೋಗುತ್ತಾನೆ. ಸಾಯಂಕಾಲ ತೆಳ್ಳಗಿನ ಹುಡುಗನೊಬ್ಬ ಮೊಬೈಲಿನ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಅಡ್ಡಡ್ಡ ಒಳಗೆ ಜಾರುತ್ತಾನೆ. ಪೈಪು ಸೋರುವುದೇನೋ ನಿಲ್ಲುತ್ತದೆ. ಆದರೆ ಅಲ್ಲಿ ಬೆಂಕಿ ಬಿದ್ದರೆ ಒಳಗೆ ಜಾರುವ ಅಗ್ನಿಶಾಮಕದವರು ಯಾರೂ ಇಲ್ಲ. ನ್ಯಾಷನಲ್ ಬಿಲ್ಡಿಂಗ್ ಕೋಡು ಎತ್ತರಕ್ಕೆ ತಕ್ಕ ಖಾಲಿ ಜಾಗ ಕೇಳುವುದು ಸುಮ್ಮನಲ್ಲ: 15 ಮೀಟರ್ ಎತ್ತರಕ್ಕೆ ಪಕ್ಕ ಮತ್ತು ಹಿಂದೆ 5 ಮೀಟರ್, 30 ಮೀಟರಿಗೆ 10, 55 ಮೀಟರ್ ದಾಟಿದರೆ 16. ಬೆಳಕು ಕೆಳಗಿನ ಮಹಡಿಗೂ ಇಳಿಯಬೇಕು, ಬೆಂಕಿ ಆರಿಸುವ ವಾಹನ ಸುತ್ತು ಹಾಕಬೇಕು.

ಅಂಗಡಿ ಬೀದಿಯ ಕಥೆಯೇ ಬೇರೆ. ಅಲ್ಲಿ ಸೆಟ್‌ಬ್ಯಾಕ್ ಮುಚ್ಚಿಹೋಗುವುದು ಗೋಡೆಯಿಂದಲ್ಲ, ವ್ಯಾಪಾರದಿಂದ. ಮುಂದೆ ಬಿಟ್ಟ ಜಾಗಕ್ಕೆ ಮೊದಲು ಒಂದು ತಗಡಿನ ಶೀಟು, ಆಮೇಲೆ ಜೆರಾಕ್ಸ್ ಮಷೀನು, ಪಕ್ಕದಲ್ಲಿ ಎಳನೀರು, ಮೂಲೆಯಲ್ಲಿ ಹೂವಿನವರು. ದರ್ಶಿನಿಯಲ್ಲಿ ನಾವು ನಿಂತು ಇಡ್ಲಿ ವಡೆ ತಿನ್ನುವ ಸ್ಟೀಲಿನ ಮೇಜುಗಳು ಎಷ್ಟೋ ಕಡೆ ಇರುವುದು ಕಾನೂನಿನ ಪ್ರಕಾರ ಖಾಲಿ ಇರಬೇಕಾದ ಜಾಗದಲ್ಲೇ. ನಿಯಮಪಾಲನೆಯ ಬಗ್ಗೆ ಅತ್ಯಂತ ಖಾರವಾದ ಮಾತುಗಳನ್ನು ನಾನು ಕೇಳಿರುವುದೂ ಆ ಮೇಜುಗಳ ಸುತ್ತಲೇ.

ಸರ್ಕಾರಕ್ಕೂ ಇದೆಲ್ಲ ಕಾಣುತ್ತದೆ. ಒಡೆಯಲು ಹೊರಟರೆ ಅರ್ಧ ಊರು ಒಡೆಯಬೇಕು. ಹಾಗಾಗಿ ಅಕ್ರಮ–ಸಕ್ರಮ ಎಂಬ ಪ್ರಾಯಶ್ಚಿತ್ತ ವಿಧಿ ಹುಟ್ಟಿತು. ವಾಸದ ಮನೆಯಾದರೆ ಶೇ 50ರವರೆಗಿನ ಉಲ್ಲಂಘನೆಗೆ, ವಾಣಿಜ್ಯ ಕಟ್ಟಡವಾದರೆ ಶೇ 25ರವರೆಗಿನದಕ್ಕೆ ಶುಲ್ಕ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು ಎಂದಿತು. ಸಂಸಾರಸ್ಥನಿಗೆ ಅರ್ಧ ಪಾಪದವರೆಗೆ ಮಾಫಿ, ವ್ಯಾಪಾರಿಗೆ ಕಾಲು ಪಾಪದವರೆಗೆ. 2016ರ ಕೊನೆಗೆ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅಂದಿನಿಂದ ಲಕ್ಷಾಂತರ ಮನೆಗಳು ಅಕ್ರಮವೂ ಅಲ್ಲದ ಸಕ್ರಮವೂ ಆಗದ ತ್ರಿಶಂಕು ಸ್ವರ್ಗದಲ್ಲಿ ಪ್ರತಿವರ್ಷ ಸುಣ್ಣಬಣ್ಣ ಹೊಡೆಸಿಕೊಳ್ಳುತ್ತಿವೆ. ಕಟ್ಟಡ ಮುಗಿದು ಸ್ವಾಧೀನಾನುಭವ ಪತ್ರ ಸಿಗದಿದ್ದರೆ ಕರೆಂಟು ನೀರು ಕೊಡಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪೆಟ್ಟು ಕೊಟ್ಟಾಗ ಇಡೀ ಊರು ಒಮ್ಮೆ ತನ್ನ ಮೀಟರ್ ಬೋರ್ಡಿನ ಕಡೆ ತಿರುಗಿ ನೋಡಿತು.

ವಿಚಿತ್ರವೆಂದರೆ ಈ ಮೂರಡಿ ನಮ್ಮ ಆಸ್ತಿಯಲ್ಲಿ ನಮಗಲ್ಲದ ಒಂದೇ ಭಾಗ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಇಂಥವರ ಸ್ವತ್ತು ಎಂದು ನೆರೆಯವರ ಹೆಸರೆಲ್ಲ ಬರುತ್ತದೆ. ನೆರೆಯವರ ಗಾಳಿಯ ಪ್ರಸ್ತಾಪವಿರುವುದಿಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಒಂದು ದಾರಿ ಇದೆ: ಒಂದು ಕಿಟಕಿ 20 ವರ್ಷ ಹಕ್ಕಿನಂತೆ, ಅಡ್ಡಿಯಿಲ್ಲದೆ ಬೆಳಕು ಅನುಭವಿಸಿದರೆ ಆ ಬೆಳಕಿಗೆ ಹಕ್ಕು ಹುಟ್ಟುತ್ತದೆ. ಆದರೆ ನಮ್ಮಲ್ಲಿ ಪಕ್ಕದ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಲು ಅಷ್ಟು ವರ್ಷ ಯಾರು ಕಾಯುತ್ತಾರೆ? ಹೀಗಾಗಿ ನಮ್ಮ ಕಿಟಕಿಯ ಬೆಳಕೆಲ್ಲ ಪಕ್ಕದವರ ಸೈಟಿನಲ್ಲಿರುತ್ತದೆ, ಅವರದು ನಮ್ಮ ಸೈಟಿನಲ್ಲಿ. ಕೊಡುವುದು ನಾವು, ಉಣ್ಣುವುದು ಅವರು. ಅವರು ಕೊಟ್ಟದ್ದು ನಮಗೆ. ಒಬ್ಬರು ನುಂಗಿದರೆ ಸಂದಿ ಅರ್ಧ, ಇಬ್ಬರೂ ನುಂಗಿದರೆ ಹಗಲಲ್ಲೂ ಟ್ಯೂಬ್‌ಲೈಟು.

ಬೈಲಾದ ತಪ್ಪಿರುವುದು ಅಡಿ ಮೀಟರಿನ ಲೆಕ್ಕದಲ್ಲಲ್ಲ, ಹೇಳುವ ಧಾಟಿಯಲ್ಲಿ. ‘ನೀವು ನಿಮ್ಮ ಸೈಟಿನಲ್ಲಿ ಮೂರಡಿ ಬಿಡತಕ್ಕದ್ದು’ ಎನ್ನುತ್ತದೆ ಅದು. ಕೇಳಿದವನಿಗೆ ಕಳೆದುಕೊಂಡದ್ದೇ ಕಾಣುತ್ತದೆ. ಅದೇ ನಿಯಮವನ್ನು ‘ನಿಮ್ಮ ಪಕ್ಕದ ಮನೆಯವರು ನಿಮಗಾಗಿ ಮೂರಡಿ ಬಿಡತಕ್ಕದ್ದು’ ಎಂದು ತಿದ್ದಿ ಬರೆದು ಪ್ಲಾನಿನ ಜೊತೆಗೆ ಒಂದು ಟೇಪನ್ನೂ ಉಚಿತವಾಗಿ ಕೊಟ್ಟುನೋಡಿ. ಇನ್‌ಸ್ಪೆಕ್ಷನ್ನಿಗೆ ಎಂಜಿನಿಯರೇ ಬೇಕಾಗುವುದಿಲ್ಲ. ಪಾಯ ತೆಗೆಯುವ ದಿನ ಬೆಳಗ್ಗೆ ಆರಕ್ಕೇ ಎಡಗಡೆಯವರು, ಬಲಗಡೆಯವರು, ಹಿಂದಿನವರು ಕಾಫಿ ಲೋಟದ ಸಮೇತ ಹಾಜರಿರುತ್ತಾರೆ. ಅವರ ಮನೆ ಅಳೆಯಲು ನೀವೂ ಹೋಗಿಬರಬಹುದು.