ದ್ರಾಕ್ಷಾಸವದ ಪ್ರಥಮ ಪಾಠ

ಬಟ್ಟಲನ್ನು ಓರೆಯಾಗಿ ಹಿಡಿದು ವರ್ಣವನ್ನು ಪರೀಕ್ಷಿಸಿ, ಚಕ್ರಾಕಾರವಾಗಿ ಅದನ್ನು ತಿರುಗಿಸಿ, ಮೂಗನ್ನು ಒಳಗಿಳಿಸಿ ಆಘ್ರಾಣಿಸಿ, ಕಟ್ಟಕಡೆಗೆ ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ, ಅದನ್ನೂ ನುಂಗದೆ ಉಗುಳಬೇಕೆಂಬ ವಿಧಿಯನ್ನು ಕೇಳಿದ ನೂತನ ಶಿಷ್ಯನಿಗೆ, ಆಚಮನಕ್ಕಿಂತಲೂ ಜಟಿಲವಾದ ಕರ್ಮಾಂಗವೊಂದು ಫ್ರಾನ್ಸಿನಲ್ಲಿ ರೂಢಿಯಲ್ಲಿರುವುದು ಮನದಟ್ಟಾಗದಿರದು.

ಕೆಂಪು ವೈನಿನ ಬಣ್ಣವು ಸಿಪ್ಪೆಯಿಂದಲೂ, ನಾಲಗೆಯನ್ನು ಹಿಡಿಯುವ ಚೊಗರು ಸಿಪ್ಪೆ ಬೀಜಗಳೆರಡರಿಂದಲೂ ಬರುವುವು. ಅಡಕೆ ಅಗಿಯುವ ನಮ್ಮವರಿಗೆ ಆ ಚೊಗರೇನೂ ಹೊಸತಲ್ಲ. ಸಿಪ್ಪೆಯನ್ನು ಕೂಡಲೆ ಬೇರ್ಪಡಿಸಿದರೆ ಕಪ್ಪು ದ್ರಾಕ್ಷಿಯಿಂದಲೇ ಬಿಳಿಯ ಶಾಂಪೇನ್ ಸಿದ್ಧವಾಗುವುದು. ಇಷ್ಟು ಸುಲಭಗ್ರಾಹ್ಯ. ಆದರೆ ಗುರುಗಳು ಒಂದೇ ಗುಟುಕಿನಲ್ಲಿ ಚೆರ್ರಿ, ತೊಗಲು, ತಂಬಾಕು, ತೋಯ್ದ ಮಣ್ಣು ಇವುಗಳ ಪರಿಮಳವನ್ನು ಎಣಿಸತೊಡಗಿದರೆ, ದ್ರಾಕ್ಷಿಯೊಂದರ ಹೊರತು ಮಿಕ್ಕೆಲ್ಲವೂ ಅದರಲ್ಲಿರುವುದನ್ನು ಕಂಡು ಶಿಷ್ಯನು ತಲೆದೂಗುವನಲ್ಲದೆ ಮತ್ತೇನು ಮಾಡಿಯಾನು?

ಅವನಿಗೆ ಸಮಾಧಾನಕರವಾದ ವೃತ್ತಾಂತವೊಂದುಂಟು. 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಸಂಶೋಧನೆಯೊಂದರಲ್ಲಿ, ವೈನ್ ಶಾಸ್ತ್ರವನ್ನೇ ಅಭ್ಯಸಿಸುತ್ತಿದ್ದ 54 ಮಂದಿ ವಿದ್ಯಾರ್ಥಿಗಳ ಮುಂದೆ, ಫ್ರೆಡರಿಕ್ ಬ್ರೋಶೆ ಮೊದಲಾದವರು ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಇಡಲು, ಆ ಪ್ರವೀಣರು ಕೆಂಪು ವೈನಿಗೆ ಮೀಸಲಾದ ವಿಶೇಷಣಗಳನ್ನೇ ಅದಕ್ಕೆ ನಿಸ್ಸಂಕೋಚವಾಗಿ ಸಲ್ಲಿಸಿದರು.

ಆದಕಾರಣ, ವಾಚಕ ಮಹಾಶಯರೇ, ಬಲ್ಲವರ ಪಂಕ್ತಿಯಲ್ಲಿ ಕುಳಿತಾಗ ಬಟ್ಟಲನ್ನು ಯಥೋಚಿತ ಗಾಂಭೀರ್ಯದಿಂದ ತಿರುಗಿಸಿರಿ. ಪರಿಮಳದ ಹೆಸರನ್ನು ಉಚ್ಚರಿಸುವ ಮುನ್ನ ಮಾತ್ರ ದಯಮಾಡಿ ಕಣ್ಣು ಮುಚ್ಚಿಕೊಳ್ಳಿರಿ.