ಮೆಟ್ಟಿಲ ಮೇಲಿನ ಸಂಸಾರ

ಮಹಾಲಯ ಅಮಾವಾಸ್ಯೆ ಕಳೆದು, ಮೋಡ ಬೆಳ್ಳಗಾಗಿ, ಕೊಡೆ ಮೂಲೆ ಸೇರುವ ಹೊತ್ತಿಗೆ ಮೈಸೂರು ಸೀಮೆಯ ಮನೆಗಳಲ್ಲಿ ದೊಡ್ಡವರಿಗೆ ಆಟವಾಡುವ ಹುಕಿ ಹತ್ತುತ್ತದೆ. ಹೇಳುವುದೇನೋ ‘ಮಕ್ಕಳಿಗೋಸ್ಕರ ಗೊಂಬೆ ಕೂರಿಸ್ತೀವಿ’ ಎಂದು. ಮಕ್ಕಳು ಕೈ ಚಾಚಿದರೆ ಮಾತ್ರ ‘ಮುಟ್ಟಬೇಡ್ವೋ, ಒಡೆದುಹೋಗುತ್ತೆ!’

ಅಟ್ಟದಿಂದ ಇಳಿಸಿದ ಪೆಟ್ಟಿಗೆಗಳನ್ನು ಬಿಚ್ಚುವುದು ನನ್ನ ಪಾಲಿನ ಕೆಲಸ. ಒಂದೊಂದು ಗೊಂಬೆಗೂ ಹಳೆಯ ದಿನಪತ್ರಿಕೆಯ ಹೊದಿಕೆ. ಶೆಟ್ಟಮ್ಮನನ್ನು ಸುತ್ತಿದ್ದ ಪುಟದಲ್ಲಿ ಅಂದಿನ ಚಿನ್ನದ ಬೆಲೆಯಿತ್ತು. ಅದನ್ನು ಹೆಂಡತಿಗೆ ಕೇಳುವಂತೆ ಓದುವ ಧೈರ್ಯ ನನಗಿಲ್ಲ. ಹನುಮಂತನ ಬಾಲಕ್ಕೆ ಸುತ್ತಿದ್ದರಲ್ಲಿ, ಪ್ರಾಣ ಹೋದರೂ ಪಕ್ಷ ಬಿಡೆನೆಂದ ರಾಜಕಾರಣಿಯೊಬ್ಬರ ಹೇಳಿಕೆ. ಪ್ರಾಣ ಗಟ್ಟಿಯಾಗಿಯೇ ಇದೆ. ಪಕ್ಷ ಮಾತ್ರ ಮೂರನೆಯದು. ದಶರಥನ ಮೈಮೇಲೆ ಅರ್ಧ ತುಂಬಿದ ಪದಬಂಧ. ಉತ್ತರ ಮರುದಿನದ ಪತ್ರಿಕೆಯಲ್ಲಿ, ಆ ಮರುದಿನ ಯಾರ ಮೈಮೇಲಿದೆಯೋ! ದಶಾವತಾರವನ್ನೆಲ್ಲ ಜಾಲಾಡಿದ ಮೇಲೆ ವರಾಹನ ಹತ್ತಿರ ಸಿಕ್ಕಿತು. ಅಷ್ಟರಲ್ಲಿ ಒಳಗಿನಿಂದ ದನಿ: “ರೀ, ಗೊಂಬೆ ತೆಗೀತಿದ್ದೀರೋ, ಲೈಬ್ರರಿಗೆ ಹೋಗಿದ್ದೀರೋ?”

ಟ್ರಂಕು, ಮಗನ ಓದುವ ಮೇಜು, ಹಲಗೆ ಎಲ್ಲ ಸೇರಿ ಮೆಟ್ಟಿಲಾಗುತ್ತವೆ. ಮೇಲೊಂದು ಬಿಳಿ ಪಂಚೆ ಹಾಸಿದರೆ ಯಾವುದು ಏನೆಂದು ದೇವರಿಗೂ ತಿಳಿಯದು. ಮೆಟ್ಟಿಲು ಬೆಸಸಂಖ್ಯೆಯಲ್ಲೇ ಇರಬೇಕು. ತುದಿಯಲ್ಲಿ ಪಟ್ಟದ ಗೊಂಬೆಗಳು, ನನ್ನ ಹೆಂಡತಿಗೆ ತವರಿನಿಂದ ಬಂದ ರಾಜ-ರಾಣಿ. ರಾಣಿಗೆ ವರ್ಷಕ್ಕೊಂದು ಹೊಸ ಜರಿ ಸೀರೆ, ರಾಜನಿಗೆ ಅದೇ ಹಳೆಯ ಪೇಟ. ಅರಮನೆಯಲ್ಲೂ ನಮ್ಮ ಮನೆಯ ಪದ್ಧತಿಯೇ ಇದೆಯೆಂದು ನನಗೊಂದು ಸಮಾಧಾನ. ಅವರ ಕೆಳಗೆ ಶೆಟ್ಟಿ, ಶೆಟ್ಟಮ್ಮ, ಅವರ ದಿನಸಿ ಅಂಗಡಿ. ಬೆಲ್ಲ ಇಟ್ಟ ದಿನ ವ್ಯಾಪಾರ ಜೋರು, ಗಿರಾಕಿಗಳೆಲ್ಲ ಇರುವೆಗಳೇ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ ಈಗ ಮೈಸೂರಿನ ಬೀದಿಯಲ್ಲಿ ಸುಮಾರು 750 ಕೆಜಿ ತೂಕದ ಅಂಬಾರಿಯೊಡನೆ ಸಾಗುತ್ತದೆ. ನಮ್ಮ ಕೊನೆಯ ಮೆಟ್ಟಿಲಲ್ಲಿ ಚನ್ನಪಟ್ಟಣದ ಆನೆ ಚಿನ್ನದ ಬಣ್ಣದ ಕಾಗದ ಅಂಟಿಸಿದ ಬೆಂಕಿಪೊಟ್ಟಣ ಹೊತ್ತು ನಿಂತಿರುತ್ತದೆ. ದಸರೆಗೆಂದು ಕಾಡಿನಿಂದ ಬಂದ ಆನೆಗಳನ್ನು ತೂಕಕ್ಕೆ ಹಾಕಿ, ಮೇವು ಹಾಕಿ, ಮತ್ತೆ ತೂಗುತ್ತಾರೆ. ಒಂಬತ್ತು ದಿನದ ಉಸಲಿ, ಒಬ್ಬಟ್ಟುಗಳ ಮೇಲೆ ನಮ್ಮನ್ನು ಯಾರೂ ತೂಗುವುದಿಲ್ಲ. ದೇವಿಯ ಕೃಪೆ.

ಮೆಟ್ಟಿಲ ಪಕ್ಕದಲ್ಲಿ ಪಾರ್ಕು. ತಟ್ಟೆಯ ಮಣ್ಣಿಗೆ ನಾಲ್ಕೈದು ದಿನ ಮೊದಲೇ ರಾಗಿ ಚೆಲ್ಲಿದರೆ ಹುಲ್ಲುಹಾಸು ತಯಾರು. ಒಡೆದ ಕನ್ನಡಿಯೇ ಕೆರೆ. ಅಲ್ಲಿ ಕೋಳಿ ಜಿರಾಫೆಗಿಂತ ಎತ್ತರ, ಹುಲಿ ಹಸುವಿಗೆ ಹೆದರಿ ನಿಂತಂತಿದೆ. ಮಗ ಪ್ಲಾಸ್ಟಿಕ್ ಡೈನೋಸಾರ್ ತಂದಾಗ ನಮ್ಮಮ್ಮ ಕನ್ನಡಕ ಏರಿಸಿ ನೋಡಿ, “ಮತ್ಸ್ಯ, ಕೂರ್ಮ ಇರೋ ಕಡೆ ಇದೂ ಇರಲಿ ಬಿಡು, ಹಳೇ ಕಾಲದ್ದೇ ತಾನೆ” ಎಂದು ಜಾಗ ಕೊಟ್ಟರು. ಸರಸ್ವತಿ ಪೂಜೆಯ ದಿನ ಅವನ ಭಕ್ತಿ ಇನ್ನೂ ಉಕ್ಕಿತು. ಪೂಜೆಗಿಟ್ಟ ಪುಸ್ತಕವನ್ನು ವಿಸರ್ಜನೆಯವರೆಗೆ ತೆರೆಯುವಂತಿಲ್ಲವಲ್ಲ, ಗಣಿತದ ಗೈಡನ್ನೂ ಹುಡುಕಿ ತಂದಿಟ್ಟ.

ಸಂಜೆಯಾದರೆ ಗೇಟಿನ ಬಳಿ ಕೂಗು: “ಆಂಟೀ, ಗೊಂಬೆ ಕೂರ್ಸಿದ್ದೀರಾ?” ಯಾವ ಮನೆಯಲ್ಲಿ ಚಕ್ಕುಲಿ, ಯಾವ ಮನೆಯಲ್ಲಿ ಬರೀ ಕಲ್ಲುಸಕ್ಕರೆ ಎಂಬ ವರ್ತಮಾನ ಈ ದಂಡಿಗೆ ಮೊದಲೇ ಮುಟ್ಟಿರುತ್ತದೆ. ಗೊಂಬೆಗಳತ್ತ ಒಂದು ನೋಟ, ಗೊಂಬೆ ಬಾಗಿನದ ಡಬ್ಬದತ್ತ ಉಳಿದದ್ದೆಲ್ಲ. ಮಕ್ಕಳು ಹಾಡು ಹೇಳದೆ ನನ್ನ ಹೆಂಡತಿ ಡಬ್ಬ ತೆರೆಯುವುದಿಲ್ಲ. ಹಾಗಾಗಿ ಒಬ್ಬಳು ಹುಡುಗಿ ಎಲ್ಲರ ಪರವಾಗಿ ಒಂದೇ ಉಸಿರಿಗೆ ಹಾಡಿ ಮುಗಿಸಿದಳು. ಪದಬಂಧಕ್ಕಿಂತ ಕಷ್ಟಪಟ್ಟು ಜೋಡಿಸಿದ ಮೆಟ್ಟಿಲನ್ನು ಯಾರಾದರೂ ಗಮನಿಸಲಿ ಎಂದು, “ಹೇಗಿದೆಯೋ ನಮ್ಮ ಗೊಂಬೆ?” ಎಂದೆ.

ಪುಟ್ಟ ಹುಡುಗನೊಬ್ಬ ಕೋಡುಬಳೆ ಕಡಿಯುತ್ತ ಮೇಲಿನಿಂದ ಕೆಳಗಿನವರೆಗೂ ಕಣ್ಣಾಡಿಸಿದ.

“ಚೆನ್ನಾಗಿದೆ ಅಂಕಲ್. ಹೋದ ವರ್ಷ ಕೋಡುಬಳೆ ಇನ್ನೂ ದಪ್ಪ ಇತ್ತು.”